ದೇವನಹಳ್ಳಿ ಸೀಮೆಯ ಮಾತುಗಳು ಮತ್ತು ಇಂಗ್ಲಿಷಿನ ಪದಕ್ರೀಡೆ

ಇಂಗ್ಲಿಷಿನ ಪದಕ್ರೀಡೆಗಳಲ್ಲಿ ಸ್ಕ್ರ್ಯಾಬಲ್ ಹೆಚ್ಚು ಪ್ರಸಿದ್ಧವಾದುದು. 1930ರ ದಶಕದಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ ಇದನ್ನು ರೂಪಿಸಿದನು. ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ವಿರಳವಾದ ಅಕ್ಷರಕ್ಕೆ ಹೆಚ್ಚು ಅಂಕ, ಸುಲಭವಾದುದಕ್ಕೆ ಕಡಿಮೆ ಅಂಕ ಎಂಬ ನಿಯಮವನ್ನು ಮಾಡಿದನು. ಈ ಆಟದಲ್ಲಿ ಗೆಲ್ಲಬಯಸುವವರು ಅಪೂರ್ವ ಪದಗಳ ಪಟ್ಟಿಗಳನ್ನು ಕಂಠಪಾಠ ಮಾಡುತ್ತಾರೆ. ಆಟಕ್ಕೆ ಬೇಕಾದುದು ಪದದ ಕಾಗುಣಿತವೇ ಹೊರತು ಅರ್ಥವಲ್ಲ. ಆ ಪಟ್ಟಿಗಳಲ್ಲಿಯೂ ಅವುಗಳಿಗೆ ಮೂಲವಾದ ನಿಘಂಟುಗಳಲ್ಲಿಯೂ ನಮ್ಮ ನೆಲದ ಮಾತುಗಳು ಅನೇಕವಿವೆ.

ರಾಗಿಯನ್ನೇ ತೆಗೆದುಕೊಳ್ಳಬಹುದು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಬಯಲುಸೀಮೆಯಲ್ಲಿ ಇದು ದಿನನಿತ್ಯದ ಅನ್ನ. ಇಂಗ್ಲಿಷಿನವರು ಕಿವಿಗೆ ಬಿದ್ದಂತೆ ಇದನ್ನು ಬರೆದುಕೊಂಡುದರಿಂದ ಅದಕ್ಕೆ ಹಲವು ಕಾಗುಣಿತಗಳು ಹುಟ್ಟಿದವು. ಆರ್-ಎ-ಜಿ-ಐ ಎಂದು ಜೋಡಿಸಿದರೆ ಆಟದಲ್ಲಿ 5 ಅಂಕ. ಆರ್-ಎ-ಜಿ-ಜಿ-ಇ-ಇ ಎಂದರೆ 8. ಆರ್-ಎ-ಜಿ-ಜಿ-ವೈ ಎಂದರೆ 10. ಧಾನ್ಯ ಒಂದೇ, ಬೆಲೆ ಮೂರು. ಲಿಪಿಕಾರನ ಅನಿಶ್ಚಯವೇ ಆಟಗಾರನಿಗೆ ಲಾಭವಾಯಿತು.

ಈ ಮಾತುಗಳು ಇಂಗ್ಲಿಷನ್ನು ಸೇರಿದ ದಾರಿಗಳಲ್ಲಿ ವ್ಯಾಪಾರ ಒಂದು, ಯುದ್ಧ ಮತ್ತೊಂದು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ 21ರಂದು ಕೋಟೆಯನ್ನೂ ಹಿಡಿಯಿತು. ಅನಂತರ ಉತ್ತರಕ್ಕೆ ಸಾಗಿದಾಗ ದೇವನಹಳ್ಳಿ ಅದರ ವಶವಾಯಿತು. ಅದೇ ವರ್ಷ ಅಕ್ಟೋಬರ್ 19ರಂದು ನಂದಿದುರ್ಗ ಬಿದ್ದಿತು. ಈ ಕಾಲದ ಸೇನಾವರದಿಗಳಲ್ಲಿ ‘ಪೆಟ್ಟಾ’ ಮತ್ತು ‘ಡ್ರೂಗ್’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ನಮ್ಮ ಪೇಟೆ, ಎರಡನೆಯದು ದುರ್ಗ. ನಂದಿದುರ್ಗ ‘ನಂಡಿಡ್ರೂಗ್’ ಆದುದು ಹೀಗೆ. ಕನ್ನಡದಲ್ಲಿ ಪೇಟೆಯೆಂದರೆ ಕೊಳ್ಳುವ, ಮಾರುವ, ನೆಂಟರಿಷ್ಟರನ್ನು ಕಾಣುವ ಸ್ಥಳ. ಇಂಗ್ಲಿಷಿನಲ್ಲಿ ಅದು ಕೋಟೆಗೆ ಅಂಟಿಕೊಂಡ, ಕೋಟೆಗಿಂತ ಮುನ್ನ ಹಿಡಿಯಬೇಕಾದ ಹೊರಊರು. ಮುತ್ತಿಗೆ ಹಾಕಿದವನ ಕಣ್ಣಿಗೆ ಕಂಡುದೇ ಪದದ ಅರ್ಥವಾಯಿತು.

ಈ ಮಾತುಗಳಿಗೆಲ್ಲ ಆಶ್ರಯವಾದ ಗ್ರಂಥ 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’. ಇದರ ಕರ್ತೃಗಳು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ದಕ್ಷಿಣದ ಭಾಷೆಗಳನ್ನೂ ಲಿಪಿಗಳನ್ನೂ ಬಲ್ಲವನು. ಗ್ರಂಥ ಹೊರಬರುವ ಮುನ್ನ, 1882ರಲ್ಲಿ ತೀರಿಕೊಂಡನು. ಪದವೊಂದು ಯಾವ ವರ್ಷ, ಯಾರ ಬರಹದಲ್ಲಿ, ಯಾವ ರೂಪದಲ್ಲಿ ಬಂದಿದೆಯೆಂದು ಉದ್ಧರಣೆಗಳೊಡನೆ ತೋರಿಸುವುದು ಈ ನಿಘಂಟಿನ ಹಿರಿಮೆ. ಆದರೂ ಅದು ತನ್ನ ಕಾಲದ ಅಧಿಕಾರದ ದೃಷ್ಟಿಯಿಂದ ಮುಕ್ತವಲ್ಲ. ‘ಪೊಲಿಗಾರ್’ ಎಂಬ ಪದವೇ ಇದಕ್ಕೆ ನಿದರ್ಶನ. ಅದರ ವಿವರಣೆಯಂತೆ ಪಾಳೆಯಗಾರನು ಕಾಡುಮೇಡಿನ ಸಾಮಂತ, ಸಾಮಾನ್ಯವಾಗಿ ಕೊಳ್ಳೆಯ ಸ್ವಭಾವದವನು.

ದೇವನಹಳ್ಳಿಯ ಇತಿಹಾಸವನ್ನು ಈ ವಿವರಣೆಯ ಪಕ್ಕದಲ್ಲಿಟ್ಟು ನೋಡಬೇಕು. ಪಾಳೆಯ ಎಂದರೆ ಸೇನೆಯ ಬೀಡು. ಅದಕ್ಕೆ ಒಡೆಯನಾದವನು ಪಾಳೆಯಗಾರ. ಅಂದಿನ ದೇವನದೊಡ್ಡಿಯಲ್ಲಿ 1501ರಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದವನು ಆವತಿಯ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ. ವಿಜಯನಗರದ ಅರಸರ ಅನುಮತಿಯಿಂದ ನಡೆದ ಕೆಲಸವಿದು. ಈ ಮನೆತನ ಸುಮಾರು ಎರಡೂವರೆ ಶತಮಾನ ಇಲ್ಲಿ ಆಳಿತು. 1749ರಲ್ಲಿ ಮೈಸೂರಿನ ಸೇನೆ ಇದನ್ನು ಗೆದ್ದಿತು. ಹೈದರನ ಶೌರ್ಯ ಮೊದಲು ಗಮನಕ್ಕೆ ಬಂದುದು ಆ ಮುತ್ತಿಗೆಯಲ್ಲಿ. ಮರುವರ್ಷ ಟಿಪ್ಪು ಇಲ್ಲಿಯೇ ಹುಟ್ಟಿದನು. ಮಣ್ಣಿನ ಕೋಟೆ ಕಲ್ಲಿನದಾದುದು ಮೈಸೂರಿನ ಆಳ್ವಿಕೆಯಲ್ಲಿ. ಪಾಳೆಯಗಾರರಲ್ಲಿ ಸುಲಿಗೆ ಮಾಡಿದವರು ಇರಲಿಲ್ಲವೆಂದಲ್ಲ. ಆದರೆ ಕೋಟೆ ಕಟ್ಟಿ ಊರು ಬೆಳೆಸಿದವರನ್ನೂ ಸುಲಿಗೆಗಾರರನ್ನೂ ಒಂದೇ ವಿಶೇಷಣದಲ್ಲಿ ಕಟ್ಟಿಹಾಕುವುದು ಸೋತವರ ಮೇಲೆ ಗೆದ್ದವರು ಹೊರಿಸಿದ ಅಪವಾದ. ನಿಘಂಟು ಒಮ್ಮೆ ಬರೆದ ಅಪವಾದ ಬಹುಕಾಲ ಅಳಿಯುವುದಿಲ್ಲ.

ವ್ಯಾಪಾರದ ದಾರಿಯಲ್ಲಿ ಬಂದ ಪದಗಳ ಕಥೆ ಇಷ್ಟು ಕಹಿಯಲ್ಲ. ಭೌಗೋಳಿಕ ಸೂಚಕ ಪಡೆದಿರುವ ದೇವನಹಳ್ಳಿಯ ಚಕ್ಕೋತಕ್ಕೆ ಇಂಗ್ಲಿಷಿನಲ್ಲಿ ‘ಪೊಮೆಲೊ’, ‘ಶ್ಯಾಡಕ್’ ಎಂಬ ಎರಡು ಹೆಸರುಗಳಿವೆ. ಮೊದಲನೆಯದು ಡಚ್ಚರ ‘ಪೊಂಪೆಲ್‌ಮೂಸ್’ ಎಂಬುದಕ್ಕೆ ಹತ್ತಿರವಾದುದು. ಎರಡನೆಯದು ಇದರ ಬೀಜವನ್ನು ಪೂರ್ವದಿಂದ ಬಾರ್ಬಡೋಸಿಗೆ ಒಯ್ದನೆನ್ನಲಾದ ಹಡಗಿನ ಕಪ್ತಾನನ ಹೆಸರು. ಆಟದಲ್ಲಿ ಪೊಮೆಲೊ 10 ಅಂಕ, ಶ್ಯಾಡಕ್ 19. ಚಕ್ಕೋತ ಎಂಬ ನಮ್ಮ ಮಾತಿಗೂ ಹಿಂದಿಯ ‘ಚಕೋತ್ರಾ’ದ ನಂಟಿದೆ. ಹಣ್ಣಿನ ಹಾಗೆ ಅದರ ಹೆಸರೂ ಸಂಚಾರಿ. ‘ಜಾಗರಿ’ ಎಂದರೆ ಬೆಲ್ಲ; ಪೋರ್ಚುಗೀಸರ ಮೂಲಕ ಬಂದ ಈ ಪದಕ್ಕೆ ಮೂಲವನ್ನು ಕೆಲವರು ಕನ್ನಡದ ಶರ್ಕರೆಯಲ್ಲಿ, ಕೆಲವರು ಮಲಯಾಳದ ಚಕ್ಕರದಲ್ಲಿ ಕಾಣುತ್ತಾರೆ. ಕಾಡುನಾಯಿಯನ್ನು ಹೇಳುವ ‘ಢೋಲ್’ ನಮ್ಮ ತೋಳದಿಂದ ಬಂದಿರಬಹುದೆಂಬುದು ಊಹೆ ಮಾತ್ರ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ವ್ಯುತ್ಪತ್ತಿಯನ್ನು ನಿರ್ಣಯಿಸಬಾರದೆಂಬುದಕ್ಕೆ ಇದು ಎಚ್ಚರಿಕೆ.

ಅಪೂರ್ವ ಪದಗಳನ್ನು ಕೂಡಿಸಿಡುವ ಕಾರ್ಯ ಕನ್ನಡಕ್ಕೆ ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಕೊನೆಗೆ ‘ಪ್ರಯೋಗಸಾರ’ವೆಂಬ ಪ್ರಕರಣವನ್ನು ಸೇರಿಸಿ, ಬಳಕೆಯಲ್ಲಿ ಮರೆಯಾಗುತ್ತಿದ್ದ ಮಾತುಗಳನ್ನು ಅರ್ಥದೊಡನೆ ಪಟ್ಟಿ ಮಾಡಿದನು. ಆತನ ಉದ್ದೇಶ ಅಂಕಗಳಿಕೆಯಲ್ಲ, ಪೂರ್ವಕವಿಗಳ ಪ್ರಯೋಗ ಮುಂದಿನವರಿಗೆ ಅರ್ಥವಾಗಬೇಕೆಂಬುದು. ಆಟದ ಪಟ್ಟಿ ಪದದ ಒಡಲನ್ನು ಉಳಿಸುತ್ತದೆ. ಪ್ರಯೋಗವನ್ನು ಬಲ್ಲ ಕೋಶ ಅದರ ಉಸಿರನ್ನು ಉಳಿಸುತ್ತದೆ. ಎರಡೂ ಪಟ್ಟಿಗಳೇ ಆದರೂ ಅವುಗಳ ಅಂತರ ದೊಡ್ಡದು.

ಆದುದರಿಂದ ಇಂಗ್ಲಿಷ್ ಕೋಶದಲ್ಲಿ ಪೆಟ್ಟಾ, ಡ್ರೂಗ್, ಪೊಲಿಗಾರ್ ಎಂಬ ಮಾತುಗಳನ್ನು ಕಂಡ ಸಂಶೋಧಕರು, ಕನ್ನಡದ ಪದ ಅಲ್ಲಿದೆಯೆಂಬ ಅಭಿಮಾನದಲ್ಲಿಯೇ ನಿಲ್ಲಬಾರದು. ಅರ್ಥವನ್ನು ಬರೆದವರು ಯಾರು, ಕೋಟೆಯ ಒಳಗಿದ್ದವರೋ ಹೊರಗೆ ಮುತ್ತಿದವರೋ ಎಂಬುದನ್ನು ಮೊದಲು ವಿಚಾರಿಸಬೇಕು. ಆ ಪದವನ್ನು ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಜನರ ಬಾಯಲ್ಲಿಯೂ ಇರುವ ಪ್ರಯೋಗದೊಡನೆ ಒರೆಹಚ್ಚಿದ ಮೇಲೆಯೇ ಅದರ ನಿಜವಾದ ಬೆಲೆ ತಿಳಿದೀತು.