ನೀರು ಕುಡಿಯುವ ಅಚ್ಚು, ಓಡುವ ಹುಡುಗ

ಶೇಂಗಾ ಬೆಳೆಯುವವರಿಗೆ ಜಿಪ್ಸಂ ಹೊಸದಲ್ಲ. ಕಾಯಿ ಗಟ್ಟಿಯಾಗಲಿ ಎಂದು ಹಾಕುತ್ತೇವೆ, ಚೌಳು ಹೊಲಕ್ಕೂ ಹಾಕುತ್ತೇವೆ. ಅದೇ ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಆವಿಯಾಗಿ ಹೋಗುತ್ತದೆ. ಉಳಿಯುವ ಬಿಳಿ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್, ನಮ್ಮ ಬಾಯಲ್ಲಿ ಪಿಒಪಿ. ಪ್ಯಾರಿಸ್ಸಿನ ಮೊಂಮಾರ್ತ್ರ ಗುಡ್ಡದಲ್ಲಿ ಈ ಕಲ್ಲು ಹೇರಳವಾಗಿ ಸಿಗುತ್ತಿತ್ತು, ಹೆಸರು ಬಂದದ್ದು ಹಾಗೆ. ಪುಡಿಗೆ ನೀರು ಕಲಸಿದರೆ ಕೆಲವೇ ನಿಮಿಷದಲ್ಲಿ ಬೆಚ್ಚಗಾಗಿ, ಗಟ್ಟಿಯಾಗಿ, ಮತ್ತೆ ಜಿಪ್ಸಂ ಆಗುತ್ತದೆ.

ನಮಗೆ ಪಿಒಪಿ ಎಂದರೆ ಮುರಿದ ಕಾಲಿನ ಪಟ್ಟಿ, ಪೇಟೆ ಮನೆಯ ಸೀಲಿಂಗ್, ಇಲ್ಲವೇ ಕೆರೆಯಲ್ಲಿ ಕರಗದ ಗಣಪತಿ. ಗಣಪತಿಯಲ್ಲಿ ಪಿಒಪಿಯೇ ಮೂರ್ತಿ. ಆದರೆ ಪಿಂಗಾಣಿ ಕೆಲಸದಲ್ಲಿ ಅದು ಮೂರ್ತಿಯಲ್ಲ, ಅಚ್ಚು. ಪಾತ್ರೆ ಮಣ್ಣಿನದೇ. ಈ ಅಚ್ಚು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಎಂಬ ಜಿಲ್ಲೆಯ ಕುಂಬಾರರ ಬದುಕನ್ನೇ ಬದಲಿಸಿತು.

ಇಂದು ಸ್ಟೋಕ್-ಆನ್-ಟ್ರೆಂಟ್ ಎಂದು ಕರೆಯುವ ಊರಿನ ಸುತ್ತ ಬರ್ಸ್ಲೆಂ, ಟನ್‌ಸ್ಟಾಲ್, ಹ್ಯಾನ್ಲಿ ಮುಂತಾದ ಕುಂಬಾರ ಊರುಗಳಿದ್ದವು. ಮಣ್ಣೂ ಇತ್ತು, ಆವಿಗೆಗೆ ಬೇಕಾದ ಕಲ್ಲಿದ್ದಲೂ ಕಾಲ ಬುಡದಲ್ಲೇ ಇತ್ತು. ನಮ್ಮ ಕುಂಬಾರರ ಹಾಗೆ ಅವರೂ ತಿಗರಿಯಲ್ಲಿ ಪಾತ್ರೆ ತಿರುಗಿಸುತ್ತಿದ್ದರು. ಹೂಬಳ್ಳಿಯ ಉಬ್ಬು ಕೆಲಸ, ಮೂಲೆಗಳಿರುವ ಪಾತ್ರೆ ತಿಗರಿಯಲ್ಲಿ ಆಗುವುದಿಲ್ಲ. ಅದಕ್ಕೆ ಸುಟ್ಟ ಮಣ್ಣಿನ ಅಚ್ಚು, ಲೋಹದ ಅಚ್ಚು ಬಳಸಿ ನೋಡಿದ್ದರು. ಸುಮಾರು 1745ರಲ್ಲಿ ಕೋಬ್ರಿಡ್ಜ್ ಊರಿನ ರಾಲ್ಫ್ ಡೇನಿಯಲ್ ಎಂಬ ಕುಂಬಾರ ಫ್ರಾನ್ಸಿಗೆ ಹೋಗಿ, ಅಲ್ಲಿ ಪಿಒಪಿ ಅಚ್ಚು ನೋಡಿ ಬಂದು ಇಲ್ಲಿ ಶುರು ಮಾಡಿದ ಎಂದು ಆ ಸೀಮೆಯವರು ಹೇಳಿಕೊಂಡು ಬಂದಿದ್ದಾರೆ.

ಪಿಒಪಿಯ ಗುಟ್ಟು ಅದರ ಬಾಯಾರಿಕೆಯಲ್ಲಿದೆ. ಗಟ್ಟಿಯಾದ ಮೇಲೆ ಹೆಚ್ಚುವರಿ ನೀರು ಆರಿಹೋಗಿ ಕಣ್ಣಿಗೆ ಕಾಣದ ಸಾವಿರಾರು ತೂತು ಉಳಿಯುತ್ತವೆ. ಒಣ ಅಚ್ಚಿನೊಳಗೆ ಮಜ್ಜಿಗೆಯಷ್ಟು ತೆಳುವಾದ ಮಣ್ಣು ಸುರಿಯಿರಿ. ಅಚ್ಚು ನೀರು ಹೀರುತ್ತದೆ, ಅಂಚಿಗೆ ಮಣ್ಣಿನ ಪದರ ಕಟ್ಟುತ್ತದೆ. ಸಾಕಷ್ಟು ದಪ್ಪವಾದ ಮೇಲೆ ಉಳಿದದ್ದನ್ನು ಚೆಲ್ಲಿದರೆ ಟೀ ಕುಡಿಕೆಯ ಗೋಡೆ ರೆಡಿ. ಒಣಗುತ್ತ ಮಣ್ಣು ಕುಗ್ಗಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಒಬ್ಬ ಕೆತ್ತನೆಗಾರ ಒಮ್ಮೆ ಕೆತ್ತಿದ ಮೂಲದಿಂದ ತಾಯಿ ಅಚ್ಚು, ತಾಯಿ ಅಚ್ಚಿನಿಂದ ಎಷ್ಟು ಬೇಕೋ ಅಷ್ಟು ಕೆಲಸದ ಅಚ್ಚು. ಬರ್ಸ್ಲೆಂನ ಏರನ್ ವುಡ್ ಅಂಥ ಕೆತ್ತನೆಗಾರರಲ್ಲಿ ಹೆಸರು ಮಾಡಿದವನು.

ಅದೇ ಊರಿನಲ್ಲಿ 1730ರಲ್ಲಿ ಹುಟ್ಟಿದ ಜೊಸಾಯ ವೆಜ್‌ವುಡ್‌ಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಬಲ ಮೊಣಕಾಲು ಸೋತಿತು. ಕಾಲಿನಿಂದ ತುಳಿಯುವ ತಿಗರಿ ಅವನಿಗೆ ಕಷ್ಟವಾಯಿತು. ಮನಸ್ಸು ಮಾದರಿ, ಬಣ್ಣ, ಹೊಳಪಿನ ಪ್ರಯೋಗದ ಕಡೆ ಹೊರಳಿತು. 1768ರಲ್ಲಿ ಆ ಕಾಲನ್ನೇ ಕತ್ತರಿಸಬೇಕಾಯಿತು. ಮರುವರ್ಷ ಅವನು ಎಟ್ರೂರಿಯಾ ಎಂಬ ಕಾರ್ಖಾನೆ ತೆರೆದ. ರಷ್ಯಾದ ರಾಣಿ ಕ್ಯಾಥರೀನಳಿಗೆ 952 ತುಂಡುಗಳ ಊಟದ ಸೆಟ್ಟನ್ನು 1774ರಲ್ಲಿ ಮುಗಿಸಿ ಕಳಿಸಿದವನು ಇವನೇ. ಒಂದರಂತೆ ಇನ್ನೊಂದು ತಟ್ಟೆ ಬೇಕೆಂದರೆ ಅಚ್ಚಿಲ್ಲದೆ ಆಗುವ ಮಾತಲ್ಲ.

ಇಷ್ಟು ಹೇಳಿ ಬಿಟ್ಟರೆ ಇದು ದೊಡ್ಡವರ ಕತೆಯಾಗುತ್ತದೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ನೀರು ಕುಡಿದ ಅಚ್ಚು ಒದ್ದೆಯಾಗುತ್ತದೆ. ಒದ್ದೆ ಅಚ್ಚು ಮತ್ತೆ ಕುಡಿಯುವುದಿಲ್ಲ. ಅದನ್ನು ಒಣಗಿಸಬೇಕು.

ತಟ್ಟೆ ಮಾಡುವವನು ರೊಟ್ಟಿಯಂತೆ ತಟ್ಟಿದ ಮಣ್ಣನ್ನು ಪಿಒಪಿ ಅಚ್ಚಿನ ಮೇಲೆ ಹಾಕಿ ಆಕಾರ ಕೊಡುತ್ತಿದ್ದ. ಹಸಿ ತಟ್ಟೆಯನ್ನು ಆಗಲೇ ಬಿಡಿಸಲು ಬರುವುದಿಲ್ಲ. ಅಚ್ಚಿನ ಸಮೇತ ಅದನ್ನು ಒಲೆ ಉರಿಯುವ ಒಣಗುವ ಕೋಣೆಗೆ ಒಯ್ಯಬೇಕು, ಅಲ್ಲಿಂದ ಒಣಗಿದ ಖಾಲಿ ಅಚ್ಚನ್ನು ತರಬೇಕು. ಕೈಗೆ ಅಚ್ಚು ಸಿಗದಿದ್ದರೆ ಅವನ ಕೆಲಸ ನಿಲ್ಲುತ್ತದೆ. ಮಾಡಿದ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಅದು ನಷ್ಟ. ಹಾಗಾಗಿ ಒಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತಿದ್ದ. ಈ ಹುಡುಗರಿಗೆ ಅಚ್ಚು ಓಡಿಸುವವರು ಎಂದೇ ಹೆಸರು. ಸೆಕೆಯ ಕೋಣೆಗೆ ನುಗ್ಗಿ, ಹಲಗೆ ಮೇಲೆ ಅಚ್ಚಿಟ್ಟು, ಇನ್ನೊಂದನ್ನು ಹಿಡಿದು ವಾಪಸ್. ದಿನವಿಡೀ ಅದೇ. ಚಾರ್ಲ್ಸ್ ಶಾ ಎಂಬಾತ ಏಳನೇ ವಯಸ್ಸಿಗೇ ಈ ಕೆಲಸಕ್ಕೆ ಸೇರಿದ್ದ. ದೊಡ್ಡವನಾದ ಮೇಲೆ ಆ ದಿನಗಳನ್ನು ಬರೆದ, 1903ರಲ್ಲಿ ಅದು ಪುಸ್ತಕವಾಗಿ ಬಂತು.

ದುಡಿಯುವ ಮಕ್ಕಳ ಸ್ಥಿತಿ ತಿಳಿಯಲು ಸರ್ಕಾರ ನೇಮಿಸಿದ್ದ ಆಯೋಗದ 1863ರ ವರದಿಯಲ್ಲಿ ವಿಲಿಯಂ ವುಡ್ ಎಂಬ ಒಂಬತ್ತು ವರ್ಷದ ಹುಡುಗನ ಹೇಳಿಕೆ ಇದೆ. ಏಳು ವರ್ಷ ಹತ್ತು ತಿಂಗಳಿಗೆ ಕೆಲಸಕ್ಕೆ ಸೇರಿದವನು, ಮೊದಲ ದಿನದಿಂದಲೂ ಅಚ್ಚು ಓಡಿಸುವುದೇ ಕೆಲಸ. ಬೆಳಿಗ್ಗೆ ಆರಕ್ಕೆ ಬಂದರೆ ಬಿಡುವುದು ರಾತ್ರಿ ಒಂಬತ್ತರ ಹೊತ್ತಿಗೆ, ವಾರಕ್ಕೆ ಆರು ದಿನ. ಹದಿನೈದು ಗಂಟೆ. ನಮ್ಮಲ್ಲಿ ಆ ವಯಸ್ಸಿಗೆ ಮಗು ಮೂರನೇ ಕ್ಲಾಸಿನಲ್ಲಿರುತ್ತದೆ. ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದಲ್ಲಿ ಈ ಹುಡುಗನ ಹೇಳಿಕೆಯನ್ನು ಎತ್ತಿ ಹಾಕಿದ್ದರಿಂದ ಅವನ ಹೆಸರು ಉಳಿದುಕೊಂಡಿತು.

1864ರಲ್ಲಿ ಕಾರ್ಖಾನೆ ಕಾಯ್ದೆಯನ್ನು ಪಿಂಗಾಣಿ ಕೆಲಸಕ್ಕೂ ವಿಸ್ತರಿಸಿದರು. ಎಂಟು ವರ್ಷದೊಳಗಿನವರು ಕೆಲಸ ಮಾಡುವಂತಿಲ್ಲ, ಹದಿಮೂರರೊಳಗಿನವರು ಅರ್ಧ ಹೊತ್ತು ಮಾತ್ರ, ಉಳಿದ ಹೊತ್ತು ಶಾಲೆ. ಎಂಟು ವರ್ಷದ ಮಗು ದುಡಿಯಬಹುದು ಎನ್ನುವುದನ್ನೇ ಸುಧಾರಣೆ ಎಂದು ಕರೆದ ಕಾಲ ಅದು.

ಪಿಒಪಿ ಬಂದು ಕುಶಲತೆಯನ್ನು ಕೊಂದಿತು ಎಂದು ಹಲವರು ಬರೆಯುತ್ತಾರೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಕೆತ್ತುವವನಿಗೂ ಅಚ್ಚು ಮಾಡುವವನಿಗೂ ಕೈಚಳಕ ಬೇಕೇ ಬೇಕಿತ್ತು. ಆದರೆ ಅದು ಕೆಲವರ ಕೈಯಲ್ಲಿ ಉಳಿದು, ಉಳಿದವರ ಪಾಲಿಗೆ ಒತ್ತುವುದು, ಹೊರುವುದು, ಓಡುವುದು ಬಂತು. ಜಿಪ್ಸಂ ಯಾರನ್ನೂ ಓಡಿಸಲಿಲ್ಲ. ಒಣಗುವ ಕೋಣೆಗೆ ಇನ್ನೊಬ್ಬ ದೊಡ್ಡ ಆಳಿಗೆ ಕೂಲಿ ಕೊಡುವುದಕ್ಕಿಂತ ಏಳು ವರ್ಷದ ಕಾಲು ಅಗ್ಗವಾಗಿತ್ತು, ಅಷ್ಟೆ.

ಅಚ್ಚಿಗೂ ಆಯುಷ್ಯ ಕಡಿಮೆ. ಮತ್ತೆ ಮತ್ತೆ ಬಳಸಿದಂತೆ ಹೂವಿನ ಅಂಚು ಸವೆಯುತ್ತದೆ, ಹೀರುವ ಶಕ್ತಿ ಕುಂದುತ್ತದೆ, ಆಮೇಲೆ ತಿಪ್ಪೆಗೆ. ಸ್ಟೋಕ್‌ನ ಹಳೆಯ ಸ್ಪೋಡ್ ಕಾರ್ಖಾನೆ 2008ರಲ್ಲಿ ಮುಚ್ಚಿದಾಗ ಅಟ್ಟಗಳಲ್ಲಿ ಸಾವಿರಾರು ಪಿಒಪಿ ಅಚ್ಚುಗಳು ಹಾಗೇ ಕೂತಿದ್ದವು.

ವಾಶ್‌ಬೇಸಿನ್, ಕಮೋಡ್‌ಗಳನ್ನು ಇವತ್ತಿಗೂ ಎಷ್ಟೋ ಕಡೆ ಪಿಒಪಿ ಅಚ್ಚಿನಲ್ಲೇ ಎರೆಯುತ್ತಾರೆ. ಮನೆಯಲ್ಲಿ ಪಿಂಗಾಣಿ ಕಪ್ಪಿದ್ದರೆ ಅದರ ಹಿಡಿಯನ್ನು ಬೆರಳಿನಿಂದ ಸವರಿ ನೋಡಿ. ಕೆಲವದರಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ ಕೈಗೆ ಹತ್ತುತ್ತದೆ. ಅಚ್ಚಿನ ಎರಡು ಹೋಳು ಕೂಡಿದ್ದ ಜಾಗ ಅದು.