ಯು ಇಲ್ಲದ ಕ್ಯೂ: ಪದದಾಟ ಆಡುವ ಮಕ್ಕಳಿಗೊಂದು ಕೈಪಿಡಿ

ಇಂಗ್ಲಿಷಿನಲ್ಲಿ ಕ್ಯೂ ಅಕ್ಷರವಾದ ಮೇಲೆ ಯು ಬರಬೇಕೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಕ್ವೀನ್, ಕ್ವಿಕ್, ಕ್ವೆಶ್ಚನ್ ಮುಂತಾದ ಪದಗಳಿಗೆ ಈ ನಿಯಮ ಸರಿಯಾಗಿ ಹೊಂದುತ್ತದೆ. ಆದರೆ ಸ್ಕ್ರ್ಯಾಬಲ್ ಆಡಲು ಕುಳಿತ ಮಗುವಿಗೆ ಇದಿಷ್ಟೇ ಸಾಲದು. ಯು ಇಲ್ಲದೆ ಕ್ಯೂ ಬರುವ ಪದಗಳನ್ನೂ ಅರಿತಿರಬೇಕು. ಇಂಗ್ಲಿಷಿನ ಆಟ ತಮ್ಮದಲ್ಲವೆಂದು ಹಿಂದೆ ಸರಿಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪದಗಳಲ್ಲಿ ಹಲವು ಆಗಲೇ ಪರಿಚಿತವಾಗಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಆಟದ ಲೆಕ್ಕ

ಸ್ಕ್ರ್ಯಾಬಲ್ ಆಟವನ್ನು 1930ರ ದಶಕದಲ್ಲಿ ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಎಣಿಸಿ ಅವರು ಬಿಲ್ಲೆಗಳ ಸಂಖ್ಯೆಯನ್ನೂ ಅಂಕಗಳನ್ನೂ ನಿಗದಿಪಡಿಸಿದರು. ಒಟ್ಟು 100 ಬಿಲ್ಲೆಗಳಲ್ಲಿ 2 ಖಾಲಿ ಬಿಲ್ಲೆಗಳು. ಇ ಅಕ್ಷರಕ್ಕೆ 12 ಬಿಲ್ಲೆಗಳಿದ್ದರೆ ಯು ಅಕ್ಷರಕ್ಕೆ 4, ಕ್ಯೂ ಅಕ್ಷರಕ್ಕೆ ಒಂದೇ. ಅದರ ಬೆಲೆ 10 ಅಂಕ. ಎದುರಾಳಿ ಮೊದಲು ಆಟ ಮುಗಿಸಿದಾಗ ಕ್ಯೂ ನಮ್ಮ ಕೈಯಲ್ಲೇ ಉಳಿದಿದ್ದರೆ ಆ 10 ಅಂಕಗಳು ನಮ್ಮ ಮೊತ್ತದಿಂದ ಕಳೆದು ಅವರ ಮೊತ್ತಕ್ಕೆ ಸೇರುತ್ತವೆ.

ಈ ಪದಗಳು ಬಂದುದೆಲ್ಲಿಂದ?

ಹಳೆಯ ಇಂಗ್ಲಿಷಿನಲ್ಲಿ ಕ್ವೀನ್ ಪದವನ್ನು ಸಿ, ಡಬ್ಲ್ಯು ಅಕ್ಷರಗಳಿಂದ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚ್ ರೂಢಿಯ ಲಿಪಿಕಾರರು ಕ್ಯೂ, ಯು ಜೋಡಿಯನ್ನು ನೆಲೆಗೊಳಿಸಿದರು. ಯು ಇಲ್ಲದ ಪದಗಳಲ್ಲಿ ಹೆಚ್ಚಿನವು ಅನಂತರ ಅನ್ಯಭಾಷೆಗಳಿಂದ, ಅದರಲ್ಲೂ ಅರಬ್ಬಿಯಿಂದ ಬಂದವು. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಹೊರಡುವ ಒಂದು ಧ್ವನಿಯಿದೆ. ಅದನ್ನು ರೋಮನ್ ಲಿಪಿಯಲ್ಲಿ ಕ್ಯೂ ಎಂದು ಬರೆಯುವುದು ರೂಢಿ.

ಕಲಿಯಬೇಕಾದ ಪದಗಳು

ಭಾರತದ ಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವ ಕಾಲಿನ್ಸ್ ಪದಪಟ್ಟಿಯಿಂದ ಕೆಲವನ್ನು ಆರಿಸಿದ್ದೇವೆ. ಕೊಟ್ಟಿರುವುದು ಅಕ್ಷರಗಳ ಅಂಕ ಮಾತ್ರ. ಮಣೆಯ ವಿಶೇಷ ಮನೆಗಳ ಲಾಭ ಬೇರೆ.

ಕ್ಯೂ-ಐ: 11 ಅಂಕ. ಉಚ್ಚಾರ ‘ಚೀ’. ಚೀನೀ ಚಿಂತನೆಯಲ್ಲಿ ಪ್ರಾಣಶಕ್ತಿ.
ಕ್ಯೂ-ಎ-ಟಿ: 12. ಯೆಮೆನ್ ಮತ್ತು ಪೂರ್ವ ಆಫ್ರಿಕದಲ್ಲಿ ಜನ ಎಲೆ ಅಗಿಯುವ ಒಂದು ಗಿಡ.
ಕ್ಯೂ-ಎ-ಡಿ-ಐ: 14. ಖಾಜಿ, ನ್ಯಾಯಾಧೀಶ.
ಕ್ಯೂ-ಎ-ಐ-ಡಿ: 14. ಮುಖಂಡ.
ಕ್ಯೂ-ಎ-ಎನ್-ಎ-ಟಿ: 14. ನೆಲದಡಿಯ ನೀರಿನ ಸುರಂಗ ಕಾಲುವೆ.
ಟಿ-ಎ-ಎಲ್-ಎ-ಕ್ಯೂ: 14. ತಲಾಖ್.
ಎನ್-ಐ-ಕ್ಯೂ-ಎ-ಬಿ: 16. ಮುಖಪರದೆ.
ಎಫ್-ಎ-ಕ್ಯೂ-ಐ-ಆರ್: 17. ಫಕೀರ.
ಕ್ಯೂ-ಓ-ಪಿ-ಎಚ್: 18. ಹೀಬ್ರೂ ಲಿಪಿಯ ಒಂದು ಅಕ್ಷರದ ಹೆಸರು.
ಡಬ್ಲ್ಯು-ಎ-ಕ್ಯೂ-ಎಫ್: 19. ವಕ್ಫ್, ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ಆಸ್ತಿ.
ಕ್ಯೂ-ಎ-ಡಬ್ಲ್ಯು-ಡಬ್ಲ್ಯು-ಎ-ಎಲ್-ಐ: 22. ಕವ್ವಾಲಿ. ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸಲಕ್ಕೆ ಇಟ್ಟರೆ ಇನ್ನೂ 50 ಅಂಕ.

ಖಾಜಿ ಮತ್ತು ಮುಖಂಡ ಎಂಬ ಅರ್ಥದ ಎರಡು ಪದಗಳಿಗೆ ಅಕ್ಷರಗಳು ಅವೇ ನಾಲ್ಕು, ಕ್ರಮ ಮಾತ್ರ ಬೇರೆ. ಎರಡನ್ನೂ ಜೊತೆಯಾಗಿಯೇ ಕಲಿಸಬೇಕು. ಮುಖಂಡ ಎಂಬರ್ಥದ ಪದವನ್ನು ನಮ್ಮ ‘ಖೈದಿ’ಯೊಡನೆ ಬೆರೆಸಬಾರದು, ಅವೆರಡರ ಅರಬ್ಬಿ ಮೂಲಗಳು ಬೇರೆ ಬೇರೆ. ಇರಾಕ್, ಕತಾರ್ ಎಂಬ ದೇಶನಾಮಗಳಲ್ಲೂ ಒಂಟಿ ಕ್ಯೂ ಇದೆಯಾದರೂ ಅಂಕಿತನಾಮಗಳಿಗೆ ಆಟದಲ್ಲಿ ಅವಕಾಶವಿಲ್ಲ.

ನಮ್ಮ ನುಡಿಯ ನಂಟು

ಹಕ್ಕು, ಬಾಕಿ, ಕಾಯಿದೆ, ತಾಲ್ಲೂಕು ಎಂಬ ದಿನಬಳಕೆಯ ಪದಗಳ ಅರಬ್ಬಿ ಮೂಲದಲ್ಲಿಯೂ ಇದೇ ಧ್ವನಿಯಿದೆ. ಅದಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ಒಮ್ಮೆ ಕ, ಒಮ್ಮೆ ಖ ಎಂದು ಬರೆಯುತ್ತ ಬಂದಿದ್ದೇವೆ. ಆದ್ದರಿಂದ ಖಾಜಿ, ಫಕೀರ, ಕವ್ವಾಲಿಗಳ ಅರ್ಥವನ್ನು ನಮ್ಮ ಮಕ್ಕಳು ಇಂಗ್ಲಿಷಿನ ಮೂಲಕ ಕಲಿಯಬೇಕಾಗಿಲ್ಲ. ಕಾಗುಣಿತವನ್ನಷ್ಟೇ ಕಲಿತರೆ ಸಾಕು. ನೀರಿನ ಸುರಂಗ ಕಾಲುವೆಯೂ ಹೀಗೆಯೇ. ಬೀದರಿನ ಕಾರೆಜ್ ಅದೇ ಬಗೆಯದು. ಕಾಸರಗೋಡಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳನ್ನು ಕಂಡ ಮಗುವಿಗೆ ಆ ಪದದ ಅರ್ಥ ವಿವರಿಸಲು ನಿಘಂಟು ಬೇಕಿಲ್ಲ.

ಅಭ್ಯಾಸ ಹೇಗೆ?

ನ್ಯೂಜಿಲೆಂಡ್ ಮೂಲದ ಆಟಗಾರ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದಿದ್ದರೂ ಪದಪಟ್ಟಿಯನ್ನು ಕಂಠಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಈ ಆಟ ನಿರರ್ಗಳ ಮಾತನ್ನು ಬೇಡುವುದಿಲ್ಲ, ಅಕ್ಷರಗಳ ನೆನಪನ್ನು ಬೇಡುತ್ತದೆ. ಆದರೆ ಆಟ ಮುಗಿದ ಮೇಲೂ ಉಳಿಯುವುದು ಅರ್ಥ ತಿಳಿದು ಕಲಿತ ಪದವೇ.

ಆದುದರಿಂದ ಪೋಷಕರು ವಾರಕ್ಕೆ ಮೂರು ಪದಗಳಂತೆ ಮಕ್ಕಳಿಂದ ಬರೆಯಿಸಿ, ಪಕ್ಕದಲ್ಲಿ ಕನ್ನಡದ ಅರ್ಥವನ್ನೂ ಬರೆಯಿಸಬೇಕು. ಹಳೆಯ ಲಗ್ನಪತ್ರಿಕೆಗಳ ರಟ್ಟನ್ನು ಕತ್ತರಿಸಿದರೆ ಬಿಲ್ಲೆಗಳು ಸಿದ್ಧ. 15 ಸಾಲು, 15 ಕಂಬಗಳ ಮಣೆಯನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಮಾಡಿಕೊಳ್ಳಬಹುದು. ಕ್ಯೂ ಕೈಗೆ ಬಂದಾಗ ಯು ಬರಲೆಂದು ಕಾಯದೆ, ಮಣೆಯ ಮೇಲೆ ಐ ಎಲ್ಲಿದೆಯೆಂದು ಮಗು ಮೊದಲು ಹುಡುಕಲಿ.