ಹೊಗೆಗೆ ತಾರೀಕಿಲ್ಲ

ಏಣಿಯಿಂದ ಜಾರಿ ಸೊಂಟ ಮುರಿದುಕೊಂಡ ಅಗ್ನಿಶಾಮಕನ ಪಿಂಚಣಿ ಕಡತ ತೆಳ್ಳಗಿರುತ್ತದೆ. ಯಾವತ್ತು, ಎಷ್ಟು ಹೊತ್ತಿಗೆ ಬಿದ್ದ ಎಂಬುದಕ್ಕೆ ಠಾಣೆಯ ದಾಖಲೆಯಿದೆ, ಕೆಳಗೆ ಏಣಿ ಹಿಡಿದವನ ಸಾಕ್ಷಿಯಿದೆ. ಇಪ್ಪತ್ತೈದು ವರ್ಷ ಹೊಗೆ ಕುಡಿದು ಮೂತ್ರಕೋಶದ ಕ್ಯಾನ್ಸರ್ ತಂದುಕೊಂಡವನ ಕಡತವೇ ದಪ್ಪ. ಯಾವ ಬೆಂಕಿಯಲ್ಲಿ ಬಂತಪ್ಪಾ ಇದು ಎಂದು ಕೇಳಿದರೆ ಅವನು ಯಾವುದನ್ನು ತೋರಿಸಬೇಕು? ಅಮೆರಿಕದ ಅಂಗವೈಕಲ್ಯ ನಿವೃತ್ತಿ ಕಾನೂನುಗಳು ದಶಕಗಳಿಂದ ಸುತ್ತಿದ್ದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ. ರುಜುವಾತಿನ ಹೊಣೆ ಯಾರ ಹೆಗಲಿಗೆ?

ನ್ಯೂಯಾರ್ಕ್ ನಗರದ ಠಾಣೆಗಳಲ್ಲಿ ಈ ಪಿಂಚಣಿಯ ಅಡ್ಡಹೆಸರು ‘ಮುಕ್ಕಾಲು’. ಕರ್ತವ್ಯದ ಮೇಲಿನ ಅಪಘಾತದಿಂದ ಅಶಕ್ತನಾದವನಿಗೆ ಸಂಬಳದ ಮುಕ್ಕಾಲು ಪಾಲು, ಫೆಡರಲ್ ಆದಾಯ ತೆರಿಗೆಯ ಕಾಟವೂ ಇಲ್ಲ. ಸಾಧಾರಣ ವೈಕಲ್ಯ ಎಂದಾದರೆ ಅರ್ಧ. ಪಿಂಚಣಿ ನಿಧಿಯ ಟ್ರಸ್ಟಿಗಳ ಮತ ಸಮಸಮವಾಗಿ ನಿಂತುಬಿಟ್ಟರೂ ಅರ್ಧವೇ ಗತಿ. ಕಗ್ಗಂಟು ಇದ್ದದ್ದು ‘ಅಪಘಾತ’ ಎಂಬ ಪದದಲ್ಲಿ. 1982ರಲ್ಲಿ ಪೊಲೀಸ್ ಪ್ರಕರಣವೊಂದರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಅಪಘಾತವೆಂದರೆ ಹಠಾತ್ತನೆ, ಎಣಿಸದೆ, ಮಾಮೂಲಿಗೆ ಹೊರತಾಗಿ ಎರಗುವಂಥದ್ದು ಎಂದಿತು. ಬೆಂಕಿ ಆರಿಸುವವನಿಗೆ ಹೊಗೆ ಎಣಿಸದೆ ಬಂದದ್ದೇ? ಅಪಾಯ ಕಸುಬಿಗೆ ಎಷ್ಟು ಸಹಜವೋ ಅಷ್ಟರ ಮಟ್ಟಿಗೆ ಅದು ಅಪಘಾತವಲ್ಲ. ತರ್ಕ ಸರಿಯೇ ಇರಬಹುದು, ಪೆಟ್ಟು ಬಿದ್ದದ್ದು ಮಾತ್ರ ಹೊಗೆ ಕುಡಿದವನಿಗೆ.

ಶಾಸಕರು ಹುಡುಕಿಕೊಂಡ ದಾರಿ ‘ಭಾವಿಸತಕ್ಕದ್ದು’ ಎಂಬ ಕಾನೂನಿನ ಮಾತು. ಸೇವೆಗೆ ಸೇರುವಾಗಿನ ತಪಾಸಣೆಯಲ್ಲಿ ಆರೋಗ್ಯವಾಗಿದ್ದವನಿಗೆ ಆಮೇಲೆ ಇಂಥ ರೋಗ ಬಂದರೆ ಅದು ಕೆಲಸದಿಂದಲೇ ಬಂತೆಂದು ಭಾವಿಸತಕ್ಕದ್ದು. ಅಲ್ಲವೆನ್ನುವುದಾದರೆ ಸರ್ಕಾರವೇ ರುಜುವಾತು ಮಾಡಲಿ. ಮೊದಲು ಈ ಬಾಗಿಲು ತೆರೆದದ್ದು ಹೃದ್ರೋಗಕ್ಕೆ. ಆ ಕಾನೂನಿಗೆ ನ್ಯೂಯಾರ್ಕಿನಲ್ಲಿ ಇಂದಿಗೂ ‘ಹಾರ್ಟ್ ಬಿಲ್’ ಎಂದೇ ಹೆಸರು. ಕ್ಯಾನ್ಸರ್ ಅಲ್ಲಿ ಸೇರಿದ್ದು 1994ರಲ್ಲಿ.

ಕ್ಯಾಲಿಫೋರ್ನಿಯಾ ಅದಕ್ಕೆ ಮುಂಚೆಯೇ, 1982ರಲ್ಲಿ, ಕ್ಯಾನ್ಸರನ್ನು ಸೇರಿಸಿತ್ತು. ಆದರೆ ಕೊಟ್ಟಂತೆ ಮಾಡಿ ಕೈ ಹಿಂದೆಗೆದುಕೊಂಡ ಕಾನೂನು ಅದು. ಯಾವ ವಿಷವಸ್ತು ತನ್ನ ಯಾವ ಗೆಡ್ಡೆಗೆ ಕಾರಣ ಎಂಬ ನಂಟನ್ನು ರೋಗಿಯೇ ತೋರಿಸಬೇಕಿತ್ತು. ಗೆಡ್ಡೆ ಮೊದಲು ಹುಟ್ಟಿದ್ದು ಎಲ್ಲಿ ಎಂಬುದು ವೈದ್ಯರಿಗೇ ತಿಳಿಯದಿದ್ದರೆ ಅರ್ಜಿ ಬಿದ್ದುಹೋಗುತ್ತಿತ್ತು. 1999ರ ತಿದ್ದುಪಡಿ ಹೊಣೆಯನ್ನು ಉದ್ಯೋಗದಾತನ ಕಡೆಗೆ ತಿರುಗಿಸಿತು. ನಿವೃತ್ತಿಯಾದ ಮೇಲೂ, ಸೇವೆಯ ಒಂದೊಂದು ವರ್ಷಕ್ಕೆ ಮೂರು ತಿಂಗಳಂತೆ ಗರಿಷ್ಠ 60 ತಿಂಗಳು ಈ ರಕ್ಷಣೆ ಇತ್ತು; 2010ರ ಕಾನೂನು ಅದನ್ನು 120ಕ್ಕೆ ಏರಿಸಿತು. ಕ್ಯಾನ್ಸರ್ ನಿವೃತ್ತಿಯ ದಿನ ನೋಡಿಕೊಂಡು ಬರುವುದಿಲ್ಲವಲ್ಲ.

2001ರ ಸೆಪ್ಟೆಂಬರ್ 11ರಂದು ವಿಶ್ವ ವ್ಯಾಪಾರ ಕೇಂದ್ರದ ಗೋಪುರಗಳು ಕುಸಿದಾಗ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ 343 ಮಂದಿ ಸತ್ತರು. ಅವಶೇಷಗಳ ದೂಳು ಕುಡಿದು ಬದುಕಿದವರ ಲೆಕ್ಕ ಶುರುವಾದದ್ದು ಅನಂತರ. 2005ರ ರಾಜ್ಯ ಕಾನೂನು ಒಂದು ಅಳತೆಗೋಲು ಇಟ್ಟಿತು: ಮೊದಲ 48 ಗಂಟೆಗಳೊಳಗೆ ಅಲ್ಲಿ ದುಡಿದಿರಬೇಕು, ಇಲ್ಲವೇ ಮುಂದಿನ ಒಂದು ವರ್ಷದಲ್ಲಿ ಒಟ್ಟು 40 ಗಂಟೆ. ಹಾಗಿದ್ದರೆ ರೋಗ ಅಲ್ಲಿಂದಲೇ ಬಂದದ್ದು. ಮಾಮೂಲಿ ಪಿಂಚಣಿ ಪಡೆದು ಮನೆಗೆ ಹೋಗಿದ್ದವರೂ ಆಮೇಲೆ ಕಾಯಿಲೆ ಬಿದ್ದರೆ ವರ್ಗ ಬದಲಿಸಿಕೊಳ್ಳಬಹುದಿತ್ತು. 2023ರ ಸೆಪ್ಟೆಂಬರ್ ಹೊತ್ತಿಗೆ, ಆ ದೂಳಿನ ರೋಗಗಳಿಂದ ಸತ್ತ ಇಲಾಖೆಯವರ ಸಂಖ್ಯೆಯೂ 343 ಮುಟ್ಟಿತು.

ವಿಜ್ಞಾನ ನಿಧಾನಕ್ಕೆ ನಡೆದು ಬಂತು. ಇದಕ್ಕೊಂದು ಕಾರಣವೂ ಇದೆ. ಗಟ್ಟಿಮುಟ್ಟಾದವರನ್ನೇ ಆರಿಸಿ ಸೇರಿಸಿಕೊಳ್ಳುವ ಕಸುಬಿನವರನ್ನು ಸಾಮಾನ್ಯ ಜನರೊಂದಿಗೆ ತೂಗಿದರೆ ಅಪಾಯ ಕಡಿಮೆಯೆಂದೇ ಕಾಣುತ್ತದೆ. ಶಿಕಾಗೊ, ಫಿಲಡೆಲ್ಫಿಯಾ, ಸ್ಯಾನ್‌ಫ್ರಾನ್ಸಿಸ್ಕೊಗಳ ಸುಮಾರು 30,000 ಸಿಬ್ಬಂದಿಯ ದಾಖಲೆಗಳನ್ನು 1950ರಿಂದ ಜಾಲಾಡಿದ ಫೆಡರಲ್ ಅಧ್ಯಯನ ಕ್ಯಾನ್ಸರ್ ಸಾವು ಶೇ. 14ರಷ್ಟು ಹೆಚ್ಚೆಂದಿತು. ಕಲ್ನಾರಿನಿಂದ ಬರುವ ಮೆಸೊಥೆಲಿಯೋಮ ದುಪ್ಪಟ್ಟು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಕಸುಬನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಲ್ಲಿಯವರೆಗೆ ಅದು ‘ಇರಬಹುದು’ ಎಂಬ ಗುಂಪಿನಲ್ಲಿತ್ತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಅಗ್ನಿಶಾಮಕರಿಗೂ ‘ಭಾವಿಸತಕ್ಕದ್ದು’ ದಕ್ಕಿತು. ಒಂದು ಕಾಲಕ್ಕೆ ಮಸಿ ಹಿಡಿದ ಹೆಲ್ಮೆಟ್ ಅನುಭವದ ಬಿರುದಾಗಿತ್ತು. ಈಗ ಬೆಂಕಿ ನಂದಿದ ಜಾಗದಲ್ಲೇ ಕೋಟು ತೊಳೆಸಿ, ಕುತ್ತಿಗೆಯ ಮಸಿ ಒರೆಸಿಕೊಂಡು ವಾಹನ ಹತ್ತಿ ಎನ್ನುತ್ತಾರೆ.

ಆಸ್ಟ್ರೇಲಿಯಾ 2011ರಲ್ಲಿ ರೋಗಕ್ಕೊಂದರಂತೆ ವರ್ಷಗಳನ್ನೇ ಕಾನೂನಿನಲ್ಲಿ ಬರೆಯಿತು: ಮಿದುಳಿನ ಕ್ಯಾನ್ಸರಿಗೆ 5 ವರ್ಷ ಸೇವೆ, ಮೂತ್ರಕೋಶಕ್ಕೆ 15. ಐದನೆಯ ವರ್ಷಕ್ಕೆ ಒಂದು ತಿಂಗಳು ಕಡಿಮೆ ಬಿದ್ದವನ ಕಷ್ಟ ಬೇರೆಯೇ, ಆದರೂ ಇದು ಓದಿದರೆ ಅರ್ಥವಾಗುವ ಪಟ್ಟಿ. ಸಂಬಳವಿಲ್ಲದ ಸ್ವಯಂಸೇವಕರ ಪಾಲಿಗೆ ಬಂದದ್ದು ಚಿಲ್ಲರೆ. ನ್ಯೂಯಾರ್ಕ್ ರಾಜ್ಯ 2019ರಿಂದ ಅವರಿಗೆ ಕೊಡುವುದು ತೀವ್ರ ಕ್ಯಾನ್ಸರಿಗೆ ಒಮ್ಮೆಗೆ 25,000 ಡಾಲರ್, ಅಶಕ್ತನಾದರೆ ತಿಂಗಳಿಗೆ 1,500, ಅದೂ ಮೂರು ವರ್ಷ ಮಾತ್ರ.

‘ಭಾವಿಸತಕ್ಕದ್ದು’ ನಮಗೇನೂ ಹೊಸದಲ್ಲ. 2013ರಲ್ಲಿ ಅಪಸ್ಮಾರ ಬಂದ ಸಿಪಾಯಿಯೊಬ್ಬನ ಅಂಗವೈಕಲ್ಯ ಪಿಂಚಣಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಸೇರುವಾಗ ರೋಗವಿತ್ತೆಂದು ಬರೆದಿಲ್ಲದಿದ್ದರೆ ಅದು ಸೇವೆಯಲ್ಲಿ ಬಂತೆಂದೇ ತಿಳಿಯಬೇಕು, ಅಲ್ಲವೆನ್ನುವ ಹೊಣೆ ಸೈನ್ಯದ್ದು ಎಂದಿತು. 2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲೂ ಕಸುಬಿನ ರೋಗಗಳಿಗೆಂದೇ ಮೂರನೆಯ ಅನುಸೂಚಿ ಇತ್ತು. ಪರಿಹಾರಕ್ಕೆ ಅರ್ಹರಾದ ಕೆಲಸಗಾರರನ್ನು ಹೆಸರಿಸುವ ಎರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ದಳದ ಸೇವೆ ಇತ್ತು. ಒಂದು ಹಾಳೆ ತಿರುವಿ ಮೂರನೆಯದಕ್ಕೆ ಬಂದರೆ ಸೀಸ ಇತ್ತು, ಬೆಂಜೀನ್ ಇತ್ತು, ಕಲ್ನಾರು ಇತ್ತು. ಅವೆಲ್ಲವನ್ನೂ ಒಟ್ಟಿಗೆ ಉಸಿರಾಡುವ ಕಸುಬಿನ ಹೆಸರಿರಲಿಲ್ಲ.